ಕಪ್ಪು ಕಾರಿಗೆ ಕೊಬ್ಬರಿ ಎಣ್ಣೆ

ನಿಂತ ಕಾರಿನ ಮೇಲೆ ಕೂತ ಧೂಳಿನಷ್ಟು ಒಳ್ಳೆಯ ಹಲಗೆ ಲೋಕದಲ್ಲಿ ಇನ್ನೊಂದಿಲ್ಲ. ಬಳಪ ಬೇಡ, ಮಸಿ ಬೇಡ, ಪ್ರಕಾಶಕರ ಹಂಗಂತೂ ಬೇಡವೇ ಬೇಡ. ತೋರುಬೆರಳೊಂದಿದ್ದರೆ ಎಂಥ ಅರಸಿಕನೊಳಗಿನ ಬರಹಗಾರನೂ ಎದ್ದು ಕೂರುತ್ತಾನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಹುಡುಗರಿಂದ ನಾಲ್ಕು ಸಾಲು ಬರೆಸುವುದಕ್ಕೆ ಹರಸಾಹಸಪಟ್ಟು ನಿವೃತ್ತನಾದ ನನಗೆ, ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಯ ಮುಂದೆ ನಿಲ್ಲುವ ನನ್ನ ಕಾರಿನ ಹಿಂಗಾಜಿನ ಮೇಲೆ ಯಾರೂ ಹೇಳದೆ, ಯಾರೂ ಅಂಕ ಕೊಡದೆ ಹೊಸ ಹೊಸ ಕೃತಿಗಳು ಪ್ರಕಟವಾಗುವುದು ಸೋಜಿಗವೆನಿಸುತ್ತದೆ. ಒಂದು ದಿನ ಹೂವು, ಇನ್ನೊಂದು ದಿನ ಬಾಣ ನೆಟ್ಟ ಹೃದಯ. ಕಳೆದ ದಸರೆಗೆ ಮೂರು ದಿನ ಮುಂಚೆ ದುಂಡನೆಯ ಅಕ್ಷರದಲ್ಲಿ ಎರಡೇ ಪದ ಇದ್ದವು: "ತೊಳೀರಿ ಸರ".

ವಿಮರ್ಶೆ ನೇರವಾಗಿತ್ತು, ಭಾಷೆ ವಿನಯದಿಂದ ಕೂಡಿತ್ತು, ವಾದವನ್ನು ಖಂಡಿಸುವಂತಿರಲಿಲ್ಲ. ಇಂಥ ವಿಮರ್ಶೆ ಬಂದಾಗ ಲೇಖಕರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಹೆಗಲ ಮೇಲಿನ ಟವಲು ತೆಗೆದು, ಅತ್ತಿತ್ತ ನೋಡಿ, ಒಣ ಬಟ್ಟೆಯಿಂದಲೇ ಅದನ್ನು ಗಸಗಸನೆ ಅಳಿಸಿಬಿಟ್ಟೆ. ಧೂಳು ಕೂತ ಬಣ್ಣವನ್ನು ಒಣ ಬಟ್ಟೆಯಿಂದ ತಿಕ್ಕುವುದು ಕಾರಿನ ಧರ್ಮಶಾಸ್ತ್ರದಲ್ಲಿ ಮಹಾಪಾತಕವೆಂದು ನನಗೆ ಗೊತ್ತಿತ್ತು. ಧೂಳಿನ ಒಂದೊಂದು ಕಣವೂ ಒಂದೊಂದು ಉಳಿಯಾಗಿ ಬಣ್ಣದ ಮೇಲೆ ಗೀರೆಳೆಯುತ್ತದೆ ಎಂದು ನನಗೆ ಕೈ ಹಿಡಿದು ಹೇಳಿಕೊಟ್ಟವರಿದ್ದರು. ಆದರೂ ಅಳಿಸುವ ಉತ್ಸಾಹದಲ್ಲಿ ಗಾಜು ದಾಟಿ ಡಿಕ್ಕಿಯ ಮೇಲೂ ಟವಲು ಆಡಿಸಿದೆ. ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆ ಇದೆ, ತಿಳಿದು ಮಾಡಿದ್ದಕ್ಕೆ ಭಾಲ್ಕಿ ಇದೆ. ಭಾಲ್ಕಿ ಯಾಕೆ ಎಂದು ಹೇಳುತ್ತೇನೆ.

ಮೊದಲಿಗೆ, ಬೀದರಿನಲ್ಲಿ ಕಪ್ಪು ಕಾರು ಇಟ್ಟುಕೊಳ್ಳುವುದೆಂದರೆ ಹಿಟ್ಟಿನ ಗಿರಣಿಯಲ್ಲಿ ಕರಿ ಕೋಟು ತೊಟ್ಟು ಕೂತಂತೆ. ನಮ್ಮೂರಿನ ಕೆಂಪು ಮಣ್ಣು ಸರ್ವಾಂತರ್ಯಾಮಿ. ಕಿಟಕಿ ಮುಚ್ಚಿದರೆ ಬಾಗಿಲಿನಿಂದ ಬರುತ್ತದೆ, ಬಾಗಿಲು ಮುಚ್ಚಿದರೆ ಅತಿಥಿಗಳ ಚಪ್ಪಲಿಯೊಡನೆ ಬರುತ್ತದೆ. ಬಿಳಿ ಕಾರಿನ ಮೇಲೆ ಅದು ಕೂತರೆ 'ಪಾಪ, ದೂರದಿಂದ ಬಂದವರು' ಎನ್ನುವ ಜನ, ಕಪ್ಪು ಕಾರಿನ ಮೇಲೆ ಕೂತರೆ ಮಾಲೀಕನ ಚಾರಿತ್ರ್ಯವನ್ನೇ ಶಂಕಿಸುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಈ ಕಪ್ಪು ಕಾರಿಗೆ ಒಡೆಯನಾದದ್ದು ನನ್ನ ಬಾಯಿಯ ದೆಸೆಯಿಂದ.

ಕಾರು ಮೂಲತಃ ಭಾಲ್ಕಿಯ ಮಾಣಿಕರಾವ್ ಮಾಸ್ತರರದು. ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಮಗ ಸೊಸೆ ಮೊಮ್ಮಕ್ಕಳು ತುಂಬಿದ ಗದ್ದಲದ ಮನೆಯಲ್ಲಿರುವವರು. ಅವರ ದೃಷ್ಟಿ ಅಂಚಿನಿಂದ ಒಳಕ್ಕೆ ಮಾಸುತ್ತ ಬಂದು, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದಾಗ, ಹದಿನಾಲ್ಕು ವರ್ಷ ಮಗುವಿನಂತೆ ಮೀಯಿಸಿ ಒರೆಸಿ ಸಾಕಿದ ಕಾರನ್ನು ಯಾರಿಗೆ ಕೊಡುವುದೆಂಬ ಪ್ರಶ್ನೆ ಎದ್ದಿತು. ಮಗನಿಗೆ ಬೈಕೇ ಪ್ರಾಣ, ಕಾರು ಬೇಡ. ಹೀಗಾಗಿ ಹೊರಗಿನವರು ನೋಡಲು ಬಂದರು. ಕನ್ಯೆ ನೋಡಲು ಬಂದ ವರನನ್ನು ಕನ್ಯೆಯ ತಂದೆ ಪರೀಕ್ಷಿಸುವಂತೆ ಮಾಸ್ತರರು ಬಂದವರನ್ನೆಲ್ಲ ಪರೀಕ್ಷಿಸಿದರು, ಅದೂ ಮುಖ ನೋಡಿ ಅಲ್ಲ, ಕೈ ಹಿಡಿದು ಮುಟ್ಟಿ. ನನ್ನ ಸರದಿ ಬಂದಾಗ ಅಂಗೈಯನ್ನು ಎರಡು ಸಲ ಸವರಿ, "ಮೆತ್ತಗ ಅದ. ಇದು ಎಂಥ ಕೆಲ್ಸ ಮಾಡಿದ ಕೈರಿ?" ಎಂದು ಕೇಳಿದರು.

ಪುಸ್ತಕದ ಹಾಳೆ ತಿರುವಿದ ಕೈ ಎಂದರೆ ಮುಗಿಯುತ್ತಿತ್ತು. ಆದರೆ ನನ್ನೊಳಗಿನ ಉಪನ್ಯಾಸಕನಿಗೆ ಒಂದು ವಾಕ್ಯದಲ್ಲಿ ನಿಲ್ಲುವ ಅಭ್ಯಾಸವಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸಿದ ಬಿದ್ರಿ ಹೂದಾನಿಯೊಂದಿದೆಯೆಂದೂ, ಹಬ್ಬ ಬಂದಾಗಲೆಲ್ಲ ಅದನ್ನು ಒರೆಸಿ ಹೊಳಪು ಬರಿಸುವ ಕೈಂಕರ್ಯ ಮೂವತ್ತೈದು ವರ್ಷದಿಂದ ನನ್ನದೇ ಎಂದೂ, ಕಪ್ಪಿನ ಮರ್ಮ ನನಗೆ ಚೆನ್ನಾಗಿ ತಿಳಿದಿದೆಯೆಂದೂ ವಿಸ್ತಾರವಾಗಿ ಅರುಹಿದೆ. ಮಾಸ್ತರರ ಮುಖ ಅರಳಿತು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು.

ಷರತ್ತುಗಳು ಎರಡು. "ಮಶಿನ್ ಹಚ್ಚಬ್ಯಾಡ್ರಿ ಸರ. ನಿಮ್ಮ ಕೈಲೇ ಉಜ್ರಿ. ಮತ್ತ ವರ್ಷಕ್ಕೊಮ್ಮಿ, ವಿಜಯದಶಮಿ ದಿನ, ಗಾಡಿ ಭಾಲ್ಕಿಗಿ ತಂದು ತೋರಿಸ್ರಿ. ಕಣ್ಣಿಗಿ ಕಾಣಲಿಕ್ಕಿಲ್ಲ, ಕೈಗಿ ಕಾಣ್ತದ." ಇಷ್ಟು ಹೇಳಿ, ಕಾರಿನ ಕೀಲಿಯ ಜೊತೆಗೆ ಕಾರಿನ ಮೈಗೆ ಹಚ್ಚುವ ಮೇಣದ ಒಂದು ಹೊಸ ಡಬ್ಬಿ, ಆರು ಮೆತ್ತನೆಯ ಬಟ್ಟೆ, ತೆಳು ಪ್ಲಾಸ್ಟಿಕ್ ಚೀಲಗಳ ಒಂದು ಕಟ್ಟು, ಎರಡು ಬಕೆಟ್ಟು ಕೊಟ್ಟರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಜನ ಇಷ್ಟು ಸೂಚನೆ ಕೊಡುವುದಿಲ್ಲ.

ಮೊದಲ ವಿಜಯದಶಮಿಗೆ ನಾನು ನಿರಾತಂಕವಾಗಿ ಹೋದೆ. ಕಾರು ನನ್ನ ಪಾಲಿಗೆ ಬಂದು ಇನ್ನೂ ಒಂದು ತಿಂಗಳಾಗಿತ್ತಷ್ಟೇ, ಅದರ ಮೈಮೇಲಿದ್ದದ್ದು ಮಾಸ್ತರರೇ ಹಚ್ಚಿದ ಮೇಣ. ಅವರು ಬಾನೆಟ್ಟಿನ ಮೇಲೆ ಅಂಗೈ ಹರಿಸಿ, "ಬೇಷಿ ಇಟ್ಟೀರಿ" ಎಂದು ತಮ್ಮ ಕೆಲಸವನ್ನೇ ನನ್ನ ಹೆಸರಿನಲ್ಲಿ ಹೊಗಳಿದರು. ನಾನು ತಲೆ ತಗ್ಗಿಸಿ ಸ್ವೀಕರಿಸಿದೆ. ಪರರ ಕೃತಿಗೆ ಬಂದ ಪ್ರಶಂಸೆಯನ್ನು ತಲೆ ತಗ್ಗಿಸಿ ಸ್ವೀಕರಿಸುವುದು ಸಾಹಿತ್ಯ ವಲಯದಲ್ಲಿ ನಾನು ಕಲಿತ ವಿದ್ಯೆ.

ಆ ದಿನವೇ, ಚಹಾ ತಂದ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಮಾತ್ರ ಕೇಳುವಂತೆ ಒಂದು ಸಂಗತಿ ಹೇಳಿದಳು. ಮಾಸ್ತರರಿಗೆ ಸುಜಾತಾ ಎಂಬ ಮಗಳಿದ್ದಾಳೆ, ಔರಾದಿನ ಆಸ್ಪತ್ರೆಯಲ್ಲಿ ನರ್ಸು. "ಸುಜಾತಕ್ಕ ಪ್ರತಿ ವಿಜಯದಶಮಿಗಿ ಬರ್ತಿದ್ರು ಸರ. ಈ ಸಲ ಬಂದಿಲ್ಲ. ಗಾಡಿ ನನಗ ಕೊಡು ಅಂತ ಕೇಳಿದ್ರು. ಮಾಮಾ ಒಲ್ಲೆ ಅಂದ್ರು. ನಿನ್ನ ಕೈಗಿ ತಾಳ್ಮಿ ಇಲ್ಲ ಅಂದ್ಬಿಟ್ರು. ಅವತ್ತಿನಿಂದ ಈ ಮನಿ ಹೊಸ್ತಿಲ ತುಳಿದಿಲ್ಲ ನೋಡ್ರಿ."

ಬಾಯಲ್ಲಿದ್ದ ಚಹಾ ಕಹಿಯಾಯಿತು. ದಿನವಿಡೀ ಸುಟ್ಟ ಗಾಯಕ್ಕೆ ಮುಲಾಮು ಹಚ್ಚುವ, ಅಳುವ ಕೂಸಿಗೆ ಸೂಜಿ ಚುಚ್ಚುವ ಕೈಗೆ ತಾಳ್ಮೆಯಿಲ್ಲವೆಂದು, ಒಂದು ಹೂದಾನಿ ಒರೆಸಿದ ನನ್ನ ಕೈಗೆ ತಾಳ್ಮೆ ಇದೆಯೆಂದು ಮಾಸ್ತರರು ತೀರ್ಪು ಕೊಟ್ಟಿದ್ದರು. ಚಿಕ್ಕಂದಿನಲ್ಲಿ ಅವರ ಹಳೆಯ ಸ್ಕೂಟರನ್ನು ಅಪ್ಪ ಮಗಳು ಸೇರಿ ಉಜ್ಜುತ್ತಿದ್ದರಂತೆ. ಅವಳು ಉಜ್ಜಿ ಮುಗಿಸಿದ ಬದಿಯನ್ನು ಅಪ್ಪ ಪ್ರತಿ ಸಲವೂ ಮತ್ತೊಮ್ಮೆ ತಾವೇ ಉಜ್ಜುತ್ತಿದ್ದರಂತೆ. ನನ್ನ ಒಂದು ಬಡಾಯಿ ಅಪ್ಪ ಮಗಳ ನಡುವೆ ಕಪ್ಪು ಕಾರಿನ ಗಾತ್ರದಲ್ಲಿ ನಿಂತಿದೆ ಎಂದು ಆ ದಿನ ತಿಳಿಯಿತು, ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನಾದರೂ ಕಾರನ್ನು ಚೆನ್ನಾಗಿ ನೋಡಿಕೊಂಡು ಮಾಸ್ತರರ ತೀರ್ಪನ್ನಾದರೂ ಉಳಿಸಬೇಕೆಂದು ಸಂಕಲ್ಪಿಸಿ ಬೀದರಿಗೆ ಮರಳಿದೆ.

ಸಂಕಲ್ಪಗಳ ವಿಷಯದಲ್ಲಿ ನನ್ನದು ಉದಾರ ಸ್ವಭಾವ. ಎಷ್ಟು ಬೇಕಾದರೂ ಮಾಡುತ್ತೇನೆ. ಚಳಿಗಾಲದಲ್ಲಿ ಮೇಣ ಗಟ್ಟಿಯಾಗಿರುತ್ತದೆ ಎಂದು ಬೇಸಿಗೆಗೆ ಮುಂದೂಡಿದೆ. ಬೇಸಿಗೆಯಲ್ಲಿ ಬೀದರಿನ ಬಿಸಿಲಿಗೆ ಮನುಷ್ಯನೇ ಕರಗುತ್ತಾನೆ, ಮೇಣದ ಪಾಡೇನು ಎಂದು ಮಳೆಗಾಲಕ್ಕೆ ಮುಂದೂಡಿದೆ. ಮಳೆಗಾಲದಲ್ಲಿ ದೇವರೇ ತೊಳೆಯುತ್ತಿರುವಾಗ ನಾನು ನಡುವೆ ಕೈ ಹಾಕುವುದು ಉದ್ಧಟತನವೆನಿಸಿತು. ಹೀಗೆ ಋತುಸಂಹಾರ ಮುಗಿದು, ಎರಡನೆಯ ದಸರೆ ಬಂದು, ಗಾಜಿನ ಮೇಲೆ ಆ ಎರಡು ಪದ ಮೂಡಿದಾಗ, ಅಲಮಾರಿಯಲ್ಲಿದ್ದ ಮೇಣದ ಡಬ್ಬಿಯ ಅಂಚಿನ ಅಂಟುಪಟ್ಟಿ ಕೂಡ ಕಿತ್ತಿರಲಿಲ್ಲ.

ಮಹಾನವಮಿಯ ಬೆಳಗ್ಗೆ ಬಾವಿಯ ಪಂಪು, ಇಳಿಗೆಮಣೆ, ಕತ್ತರಿ, ನನ್ನ ಪೆನ್ನು ಎಲ್ಲಕ್ಕೂ ಪೂಜೆ. ಪೂಜೆಗೆ ಮುಂಚೆ ಹೂದಾನಿ ಒರೆಸುವ ನನ್ನ ವಾರ್ಷಿಕ ಸೇವೆ. ಬಿದ್ರಿಯ ಕಪ್ಪಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಿಂದ ಉಜ್ಜಿದರೆ ಕಪ್ಪು ಇನ್ನಷ್ಟು ಕಪ್ಪಾಗಿ, ಅದರ ಮೇಲಿನ ಬೆಳ್ಳಿಯ ಬಳ್ಳಿ ಆಗಷ್ಟೇ ಚಿಗುರಿದಂತೆ ಎದ್ದು ಬರುತ್ತದೆ. ಇದು ನಮ್ಮೂರ ಮನೆಮನೆಗೂ ಗೊತ್ತು. ಕಿಟಕಿಯ ಬಳಿ ಹೂದಾನಿ ಹಿಡಿದು ಆ ಹೊಳಪನ್ನು ಸವಿಯುತ್ತಿದ್ದಾಗ, ಕಿಟಕಿಯಾಚೆ ನಿಂತಿದ್ದ ಕಾರು ಕಣ್ಣಿಗೆ ಬಿತ್ತು. ಇದೂ ಕಪ್ಪು, ಅದೂ ಕಪ್ಪು. ಡಬ್ಬಿಯ ಮೇಣ ಹಚ್ಚಲು ಇಡೀ ದಿನ ಬೇಕು, ಎಣ್ಣೆಗೆ ಅರ್ಧ ಗಂಟೆ ಸಾಕು. ತರ್ಕಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿರಬೇಕು. ಮನೆಯಲ್ಲಿ ಇದಕ್ಕೆ ಹೆಸರಿಟ್ಟವಳು ಹೆಂಡತಿ ಕಮಲಾ.

"ಶ್ಯಾಣೇತನ ಸಾಕು ಮಾಡ್ರಿ. ಅದು ಹೂದಾನಿ ಅಲ್ಲ, ಗಾಡಿ. ಹೂದಾನಿ ಶೋಕೇಸಿನಾಗ ಇರ್ತದ, ಗಾಡಿ ರೋಡಿನ ಮ್ಯಾಲ ಇರ್ತದ."

ಹೆಂಡತಿಯ ಮಾತಿನಲ್ಲಿ ಸತ್ಯವಿದ್ದಾಗ ಅದನ್ನು ತಡವಾಗಿ ಗ್ರಹಿಸುವುದು ದಾಂಪತ್ಯದ ಹಳೆಯ ಸಂಪ್ರದಾಯ. ನಾನು ಒಂದು ಬಕೆಟ್ಟು ನೀರು ಸುರಿದು, ಇಡೀ ಒಂದು ಬಾಟಲಿ ಕೊಬ್ಬರಿ ಎಣ್ಣೆಯನ್ನು ಕಾರಿನ ನೆತ್ತಿಯಿಂದ ಪಾದದವರೆಗೆ ತಿಕ್ಕಿದೆ. ಅರ್ಧ ಗಂಟೆಯಲ್ಲಿ ಕಾರು ಎಷ್ಟು ಹೊಳೆಯಿತೆಂದರೆ ಎದುರು ಮನೆಯವರು ಹೊಸದು ತಗೊಂಡಿರೇನು ಎಂದು ಕೇಳಿದರು. ಟವಲಿನ ಗೀರುಗಳೆಲ್ಲ ಎಣ್ಣೆಯಡಿ ಮುಳುಗಿ ಮಾಯವಾಗಿದ್ದವು. ಆ ದಿನ ಸಂಜೆ ನಾನು ಮೂರು ಸಲ ಹೊರಗೆ ಬಂದು ಕಾರಿನಲ್ಲಿ ನನ್ನ ಮುಖ ನೋಡಿಕೊಂಡೆ.

ಮರುದಿನ ಬೆಳಗ್ಗೆ, ಮೇಣದ ಡಬ್ಬಿಯನ್ನು ನೆಪಕ್ಕೆ ಡಿಕ್ಕಿಯಲ್ಲಿಟ್ಟುಕೊಂಡು, ಒಬ್ಬನೇ ಭಾಲ್ಕಿಗೆ ಹೊರಟೆ. ದಸರೆಯ ಕಾಲದಲ್ಲಿ ನಮ್ಮ ಕಡೆ ಸೋಯಾ ರಾಶಿ ಆಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆದರೆ ಕೃಷಿಗೂ ನನ್ನ ಕಾರಿನ ಸೌಂದರ್ಯಕ್ಕೂ ನೇರ ಸಂಬಂಧವಿದೆಯೆಂದು ನಾನು ಎಣಿಸಿರಲಿಲ್ಲ. ರಸ್ತೆಯ ಪಕ್ಕದ ಹೊಲಗಳಲ್ಲಿ ರಾಶಿ ಮಶಿನ್‌ಗಳು ಗರಗರನೆ ತಿರುಗುತ್ತ ಕಾಳನ್ನು ಒಂದು ಕಡೆಗೂ, ಹೊಟ್ಟನ್ನು ನನ್ನ ಕಡೆಗೂ ತೂರುತ್ತಿದ್ದವು. ಬೇರೆಯವರ ಕಾರಿಗೆ ಬಡಿದ ಹೊಟ್ಟು ಮುಂದೆ ಹಾರಿಹೋಗುತ್ತಿತ್ತು. ನನ್ನ ಕಾರಿಗೆ ಬಡಿದದ್ದು ಎಣ್ಣೆಯನ್ನು ಕಂಡು ಅಲ್ಲೇ ಸಂಸಾರ ಹೂಡಿತು. ಅದರ ಮೇಲೆ ಕೆಂಪು ಧೂಳು, ಧೂಳಿನ ಮೇಲೆ ಮತ್ತೆ ಹೊಟ್ಟು. ಭಾಲ್ಕಿಯ ರೈಲ್ವೆ ಗೇಟಿನ ಬಳಿ ಇಳಿದು ನೋಡಿದಾಗ ನನ್ನ ಕಾರಿಗೆ ಮೈತುಂಬ ಕಂದು ಕೂದಲು ಬೆಳೆದಿತ್ತು. ಒರೆಸಲು ಹೋದರೆ ಅದು ಹರಡಿತು. ಗೇಟು ಕಾಯುತ್ತಿದ್ದ ಟ್ರ್ಯಾಕ್ಟರಿನವನು ಕರುಣೆಯಿಂದ ತನ್ನ ನೀರಿನ ಬಾಟಲಿ ಚಾಚಿದ.

ಹಿಂದಿರುಗುವ ಆಲೋಚನೆ ಬಂತು. ಆದರೆ ಮಾಸ್ತರರು ಕಾಯುತ್ತಿರುತ್ತಾರೆ. ವಿಜಯದಶಮಿ ಅವರ ಮನೆತನಕ್ಕೆ ಧಮ್ಮದ ಹಬ್ಬ, ನಾಗಪುರದಲ್ಲಿ ಬೌದ್ಧ ದೀಕ್ಷೆ ನಡೆದ ದಿನ. ಬೆಳಗ್ಗೆ ಬಿಳಿ ಬಟ್ಟೆ ತೊಟ್ಟು ಬುದ್ಧ ವಿಹಾರಕ್ಕೆ ಹೋಗಿ ವಂದನೆ ಮುಗಿಸಿ ಬಂದು, ಆಮೇಲೆ ಅಂಗಳದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರುತ್ತಾರೆ. ನಾನು ಹೋದಾಗ ಹಾಗೆಯೇ ಕೂತಿದ್ದರು. ಮಲ್ಲಿಗೆ ಬಿಳುಪಿನ ಅಂಗಿ, ಇಸ್ತ್ರಿಯ ಗೆರೆ ಕೂಡ ಮುರಿದಿರಲಿಲ್ಲ. ಕಾರು ನಿಂತ ಸದ್ದಿಗೆ ಎದ್ದು ಬಂದವರು ಎರಡು ಹೆಜ್ಜೆ ದೂರದಲ್ಲೇ ನಿಂತು ಮೂಗರಳಿಸಿದರು.

"ಸರ, ಕೊಬ್ಬರಿ ಎಣ್ಣಿ ವಾಸ್ನಿ ಬರ್ಲಕತ್ತದ. ಗಾಡಿಗಿ ತಲಿಸ್ನಾನ ಮಾಡಿಸೀರೇನು?"

ನಾನು ಉತ್ತರ ಹುಡುಕುವಷ್ಟರಲ್ಲಿ ಅವರ ಅಂಗೈ ಬಾನೆಟ್ಟಿನ ಮೇಲೆ ಬಿದ್ದಾಗಿತ್ತು. ಅದು ಸರಿಯಲಿಲ್ಲ, ಅಂಟಿಕೊಂಡಿತು. ಕೈಯೆತ್ತಿ ಬೆರಳಿಗೆ ಬೆರಳು ಉಜ್ಜಿ ನೋಡಿದರು, ಮೂಸಿ ನೋಡಿದರು, ಆಮೇಲೆ ಹದಿನಾಲ್ಕು ವರ್ಷದ ಅಭ್ಯಾಸದಂತೆ ಎದೆಯ ಮೇಲಿನ ಟವಲಿಗೆ ಕೈ ಒರೆಸಿದರು. ಆ ದಿನ ಎದೆಯ ಮೇಲೆ ಟವಲು ಇರಲಿಲ್ಲ. ಬಿಳಿ ಅಂಗಿಯ ಮೇಲೆ ಐದು ಬೆರಳು ಅಂಗೈ ಸಮೇತ ಕೆಂಪು ಕಂದು ಮುದ್ರೆಯೊಂದು, ಸೋಯಾ ಹೊಟ್ಟಿನ ಅಲಂಕಾರದೊಡನೆ ಒತ್ತಿಕೊಂಡಿತು. ಬಾಗಿಲಲ್ಲಿದ್ದ ಸೊಸೆ ಬಾಯಿಗೆ ಸೆರಗು ಒತ್ತಿದಳು. ಅವರಿಗೆ ಕಾಣಲಿಲ್ಲ, ಆದರೆ ಸೊಸೆಯ ಬಳೆಯ ಸದ್ದಿನಿಂದಲೇ ತಿಳಿಯಿತು.

"ಡಬ್ಬಿ ಎಲ್ಲದ?" ಎಂದರು. ತಂದುಕೊಟ್ಟೆ. ಮುಚ್ಚಳದ ಸುತ್ತ ಹೆಬ್ಬೆರಳು ಆಡಿಸಿ, ಕೀಳದ ಅಂಟುಪಟ್ಟಿಯನ್ನು ಮುಟ್ಟಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ, ಟವಲಿನಿಂದ ಹೂದಾನಿಯವರೆಗೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. "ನಾ ಕೈ ನೋಡಿ ಕೊಟ್ಟಿದ್ದೆ" ಎಂದು ತಮಗೆ ತಾವೇ ಎನ್ನುವಂತೆ ಹೇಳಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಎದ್ದು, "ಉಂಗುರ ತೆಗೀರಿ" ಎಂದರು.

ಹೀಗೆ ಅರವತ್ತೊಂದನೆಯ ವಯಸ್ಸಿನಲ್ಲಿ ನನ್ನ ಅಕ್ಷರಾಭ್ಯಾಸ ಶುರುವಾಯಿತು. ಕಾರು ಉಜ್ಜುವವನು ಉಂಗುರ, ಗಡಿಯಾರ, ಬೆಲ್ಟು ಮೂರನ್ನೂ ತೆಗೆಯಬೇಕು. ನನ್ನ ಗ್ರಹಗತಿ ಸುಧಾರಿಸಲೆಂದು ಜ್ಯೋತಿಷಿ ಹಾಕಿಸಿದ್ದ ಹವಳದುಂಗುರ ಕಾರಿನ ಗ್ರಹಗತಿಯನ್ನು ಕೆಡಿಸುತ್ತದಂತೆ. ಬಕೆಟ್ಟು ಎರಡು ಬೇಕು, ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಒಂದೇ ಬಕೆಟ್ಟಾದರೆ ತೆಗೆದ ಕೊಳೆಯನ್ನೇ ಮರಳಿ ಹಚ್ಚಿದಂತೆ. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಚಕ್ರ ಕೊನೆಗೆ. ಎಣ್ಣೆ ಬಿಡಲು ನಾನು ಎರಡು ಸಲ ಸಾಬೂನು ಹಾಕಿ ತೊಳೆದೆ, ಮಾಸ್ತರರು ಮೂರನೆಯ ಸಲ ತೊಳೆಸಿದರು. ಕೈ ಜಾರಿ ಬಟ್ಟೆಯೊಂದು ನೆಲಕ್ಕೆ ಬಿದ್ದಾಗ ಎತ್ತಿಕೊಳ್ಳಲು ಬಾಗಿದೆ. "ಬಿಡ್ರಿ. ಬಿದ್ದ ಅರಿವಿ ಇನ್ನ ಚಕ್ಕರಕ್ಕ" ಎಂದರು. ಕಣ್ಣು ಮಾಸಿದವರಿಗೆ ಬಟ್ಟೆ ಬಿದ್ದ ಸದ್ದು ಹೇಗೆ ಕೇಳಿತೋ ಕಾಣೆ.

ಒಣಗಿದ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಕಾರಿನ ಮೈ ಸವರುವುದು. ಓದುಗರೇ, ಇದನ್ನು ನೀವು ಒಮ್ಮೆ ಮಾಡಿ ನೋಡಬೇಕು. ಬರಿಗೈಗೆ ಗಾಜಿನಂತೆ ನುಣುಪಾಗಿದ್ದ ಬಾಗಿಲು, ಚೀಲದೊಳಗಿನ ಕೈಗೆ ರವೆ ಚೆಲ್ಲಿದಂತೆ ತರಿತರಿಯಾಗುತ್ತದೆ. ನಡುವೆ ಒಂದು ಪರದೆ ಬಂದಾಗಲೇ ಬೆರಳಿಗೆ ಬುದ್ಧಿ ಬರುವುದು ಏಕೆಂದು ನನಗೆ ತಿಳಿಯದು. ಮುಟ್ಟಿ ಮುಟ್ಟಿ ತರಿಯಿದ್ದ ಕಡೆಯೆಲ್ಲ ಮತ್ತೆ ತೊಳೆದ ಮೇಲೆ ಕಡೆಗೂ ಡಬ್ಬಿ ತೆರೆಯಿತು. ನಾನು ಬೆಣ್ಣೆ ತೆಗೆಯುವಂತೆ ಮೂರು ಬೆರಳು ಹೂಳಿದೆ. ಮಾಸ್ತರರು ನನ್ನ ಕೈ ಹಿಡಿದು, "ಕಡ್ಲಿಕಾಳಿನಷ್ಟು" ಎಂದು ಉಳಿದದ್ದನ್ನು ಡಬ್ಬಿಗೇ ಮರಳಿಸಿದರು. ಒಂದು ಬಾಗಿಲು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು. ಬೆರಳ ತುದಿಯಿಂದ ಒತ್ತಬಾರದು, ಮಡಿಸಿದ ಬಟ್ಟೆಯ ಹಿಂದೆ ಅಂಗೈ ಚಪ್ಪಟೆಯಾಗಿರಬೇಕು. ಸುತ್ತು ಸುತ್ತಾಗಿ ತಿರುವಬಾರದು, ಗಾಳಿ ಕಾರಿನ ಮೇಲೆ ಹೇಗೆ ಹಾಯುತ್ತದೋ ಹಾಗೆ ನೇರಕ್ಕೆ ಹೋಗಿ ನೇರಕ್ಕೆ ಬರಬೇಕು. ಇದೆಲ್ಲ ಆದ ಮೇಲೆ ಸುಮ್ಮನೆ ಕಾಯಬೇಕು. ಕನ್ನಡಿಗೆ ಉಸಿರು ಬಿಟ್ಟಂತೆ ಮಬ್ಬು ಕವಿದಾಗ ಹೊಸ ಬಟ್ಟೆಯಿಂದ, ಕೂಸಿನ ಕೆನ್ನೆ ಒರೆಸಿದಷ್ಟೇ ಹಗುರಾಗಿ ಒರೆಸಬೇಕು.

ಆ ಕಾಯುವ ಹೊತ್ತಿನಲ್ಲಿ ನನಗೆ ಅವ್ವನ ನೆನಪಾಯಿತು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಅವಳು ನನ್ನ ತಲೆಗೆ ಎಣ್ಣೆ ಹಾಕಿ ಬಡಿಯುತ್ತಿದ್ದಳು. ಅಪ್ಪ ಹಚ್ಚಿದರೆ ಎಣ್ಣೆ ಹಣೆಗಿಳಿಯುತ್ತಿತ್ತು, ಅವ್ವ ಹಚ್ಚಿದರೆ ನಿದ್ದೆ ಇಳಿಯುತ್ತಿತ್ತು. ಎಣ್ಣೆ ಅದೇ, ತಲೆ ಅದೇ. ಅಪ್ಪನಿಗೆ ಮುಗಿಸುವ ಆತುರವಿತ್ತು, ಅವ್ವನಿಗೆ ಇರಲಿಲ್ಲ. ನನ್ನ ಕೈ ಅಪ್ಪನ ಕೈ ಎಂಬುದರಲ್ಲಿ ನನಗಾಗ ಸಂದೇಹ ಉಳಿಯಲಿಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ ಬಾನೆಟ್ಟು ಮತ್ತು ಒಂದು ಬಾಗಿಲು ಮುಗಿದಿತ್ತು, ನಾನೂ ಮುಗಿದಿದ್ದೆ. ಮಾಸ್ತರರು ಬಂದು ಬಾಗಿಲು ಸವರಿ, ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಮೊದಲಿನಿಂದ ಮತ್ತೆ ಉಜ್ಜತೊಡಗಿದರು. ಉಜ್ಜುತ್ತ ಉಜ್ಜುತ್ತ, ನಿಧಾನವಾಗಿ ಹೇಳಿದರು: "ನಮ್ಮ ಸುಜಾತಾ ಎಂಟ್ ವರ್ಷದಾಕಿ ಇದ್ದಾಗ ನಿಮಗಿಂತ ಬೇಷಿ ಉಜ್ಜತಿದ್ಲು ಸರ."

ನನಗೆ ಅವಮಾನವಾಗಬೇಕಿತ್ತು, ಆದರೆ ಎದೆ ಹಗುರಾಯಿತು. "ಇದನ್ನ ನನಗ ಹೇಳಿದ್ರ ಏನು ಬಂತ್ರಿ ಮಾಸ್ತರ್ರೆ? ಅವರಿಗಿ ಹೇಳ್ರಿ" ಎಂದೆ.

ಬಟ್ಟೆ ನಿಂತಿತು. ಬೇವಿನ ಎಲೆಯೊಂದು ಬಾನೆಟ್ಟಿನ ಮೇಲೆ ಬಿತ್ತು, ಅವರು ತೆಗೆಯಲಿಲ್ಲ. ಬಳಿಕ ತಮ್ಮ ಅಂಗಿಯ ಎದೆಯನ್ನು ಮುಟ್ಟಿ, "ಕಲಿ ಭಾಳ ದೊಡ್ಡದು ಆಗ್ಯದೇನು?" ಎಂದು ಸೊಸೆಯನ್ನು ಕೇಳಿದರು. ಅವಳು ಬೇರೆ ಅಂಗಿ ತಂದಳು. ಅವರು ಬೇಡವೆಂದರು. "ಇರ್ಲಿ. ಅಕಿಗಿ ತೋರಿಸ್ಬೇಕು. ಔರಾದಕ್ಕ ಹೋಗಾಮೇನ್ರಿ ಸರ?"

ಅರ್ಧ ಹೊಳೆಯುವ, ಅರ್ಧ ಮಂಕಾದ ಕಾರಿನಲ್ಲಿ, ಎದೆಯ ಮೇಲೆ ನನ್ನ ಅಪರಾಧದ ಮುದ್ರೆ ಹೊತ್ತ ಮಾಸ್ತರರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಔರಾದಿನ ದಾರಿ ಹಿಡಿದೆ. ದಾರಿಯಲ್ಲಿ ಅವರು ಆಡಿದ್ದು ಎರಡೇ ಮಾತು. ಒಮ್ಮೆ, "ತೊಗರಿ ಹೂ ಬಿಟ್ಟದೇನ್ರಿ?" ಇನ್ನೊಮ್ಮೆ, ಊರು ಹತ್ತಿರವಾದಾಗ, "ಬಾಗ್ಲ ತೆಗೀಲಿಕ್ಕಿಲ್ಲ ಅಂದ್ರ ಹ್ಯಾಂಗ?" ತೊಗರಿ ಹೂ ಬಿಟ್ಟಿದೆ ಎಂದೆ. ಎರಡನೆಯದಕ್ಕೆ ಗೇರು ಇಳಿಸಿ ಕಾರನ್ನು ನಿಧಾನ ಮಾಡಿದೆ.

ಸುಜಾತಾಳ ಗಂಡ ಮಕ್ಕಳನ್ನು ಕರೆದುಕೊಂಡು ಹಬ್ಬಕ್ಕೆ ನಾಗಪುರಕ್ಕೆ ಹೋಗಿದ್ದ. ಡ್ಯೂಟಿ ಇದ್ದುದರಿಂದ ಅವಳು ಊರಲ್ಲೇ ಉಳಿದಿದ್ದಳು. ಇದನ್ನು ನಾವು ಹೊರಡುವ ಮುಂಚೆ ಸೊಸೆ ತಿಳಿಸಿದ್ದಳು. ಮನೆಯ ಮುಂದೆ ಗೋಡೆಯ ನೆರಳಲ್ಲಿ ಒಂದು ಸ್ಕೂಟಿ ನಿಂತಿತ್ತು. ಕಾರಿನಿಂದಿಳಿದ ಮಾಸ್ತರರು ಗೋಡೆಗೆ ಆಸರೆ ಹುಡುಕಿ ಕೈ ಚಾಚಿದಾಗ, ಅದು ಗೋಡೆಗೆ ತಾಗದೆ ಸ್ಕೂಟಿಯ ಮುಂಭಾಗಕ್ಕೆ ತಾಗಿತು. ತಾಗಿದ ಕೈ ಜಾರಿತು. ಅವರು ಹಾಗೆಯೇ ನಿಂತರು. ಮತ್ತೊಮ್ಮೆ ಅಂಗೈ ಇಟ್ಟು ಮೇಲಿನಿಂದ ಕೆಳಕ್ಕೆ ಹರಿಸಿದರು. ಜೇಬಿನಿಂದ ತೆಳು ಚೀಲ ತೆಗೆದು, ಅದರೊಳಗೆ ಬೆರಳು ತೂರಿಸಿ, ಮಡ್‌ಗಾರ್ಡಿನ ಒಳಂಚಿನವರೆಗೂ ಸವರಿದರು. ನಾನು ಹತ್ತಿರ ಬಾಗಿ ನೋಡುತ್ತಿದ್ದೆ. ಎಲ್ಲಿಯೂ ಕೈ ತಡೆಯಲಿಲ್ಲ.

"ಈ ಗಾಡಿ ಯಾರದು?" ಎಂದು ಅವರು ಕೇಳಿದ್ದು ನನ್ನನ್ನು. ಉತ್ತರ ಬಂದದ್ದು ಬಾಗಿಲಿನಿಂದ.

"ನಂದು ಅಪ್ಪಾ."

ಆಸ್ಪತ್ರೆಯಿಂದ ಆಗಷ್ಟೇ ಬಂದ ಸುಜಾತಾ ಸಮವಸ್ತ್ರದಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಒಂದು ವರ್ಷದ ಸಿಟ್ಟೂ ಇತ್ತು, ಅಪ್ಪನನ್ನು ಕಂಡ ಹಿಗ್ಗೂ ಇತ್ತು. ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ಅವಳಿಗೇ ತಿಳಿದಂತಿರಲಿಲ್ಲ.

"ಮೇಣ ಯಾರ್ ಹಚ್ಚ್ಯಾರ?"

"ನಾನೇ. ತಿಂಗಳಿಗೊಮ್ಮಿ, ಐತಾರ."

ಮಾಸ್ತರರು ಚೀಲದಿಂದ ಕೈ ತೆಗೆದು, ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು. "ಇದರ ಮ್ಯಾಲ ನಾ ಮತ್ತ ಕೈ ಹಚ್ಚೋದು ಏನೂ ಉಳಿದಿಲ್ಲವ್ವಾ" ಎಂದರು. ಮಗಳ ದನಿಯತ್ತ ತಿರುಗಿ, "ನಾ ತಪ್ಪು ಮಾಡ್ದೆ" ಎಂದೂ ಹೇಳಿದರು.

ಸುಜಾತಾ ಮೆಟ್ಟಿಲಿಳಿದು ಬಂದು ಅಪ್ಪನ ತೋಳು ಹಿಡಿದಳು. "ನನಗ ಗಾಡಿ ಬೇಕಂತ ಸಿಟ್ಟು ಬಂದಿದ್ದಿಲ್ಲಪ್ಪಾ. ನನ್ನ ಕೈ ಮ್ಯಾಲ ನಿನಗ ನಂಬಿಕಿ ಇಲ್ಲ ಅಂದ್ಯಲ್ಲ, ಅದಕ್ಕ" ಎಂದಳು, ಅಷ್ಟರಲ್ಲಿ ಅಂಗಿಯ ಮೇಲಿನ ಮುದ್ರೆ ಕಣ್ಣಿಗೆ ಬಿದ್ದಿತು. "ಇದೇನಿದು ಅಂಗಿಗಿ?"

"ಅದನ್ನ ಸರಿಗಿ ಕೇಳು" ಎಂದು ಮಾಸ್ತರರು ನನ್ನತ್ತ ಕೈ ತೋರಿದರು. ನಾನು ಎರಡನೆಯ ಸಲ ಪೂರ್ತಿ ಕಥೆ ಒಪ್ಪಿಸಿದೆ. ಹೂದಾನಿಯ ಬಳಿ ಅವಳು ತುಟಿ ಕಚ್ಚಿದಳು, ಎಣ್ಣೆಯ ಬಾಟಲಿಯ ಬಳಿ ನಕ್ಕಳು, ಸೋಯಾ ಹೊಟ್ಟಿನ ಬಳಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಅವಳು ನಕ್ಕದ್ದು ಕೇಳಿ ಮಾಸ್ತರರೂ ನಕ್ಕರು, ಕಣ್ಣು ಒರೆಸಿಕೊಂಡದ್ದು ನಗೆಗೋ ಬೇರೆಯದಕ್ಕೋ ನಾನು ವಿಚಾರಿಸಲಿಲ್ಲ. ಅವರಿಬ್ಬರ ನಡುವೆ ನಿಂತಿದ್ದ ಕಾರಿನ ಕೀಲಿಯನ್ನು ತೆಗೆದು ನಾನು ಅವಳ ಮುಂದೆ ಚಾಚಿದೆ. ಮನಃಪೂರ್ವಕವಾಗಿಯೇ ಚಾಚಿದೆ.

"ಗಾಡಿ ನಿಮ್ಮ ಹತ್ರಾನೇ ಇರ್ಲಿ ಸರ" ಎಂದಳು. "ಎಣ್ಣಿ ಬಾಟ್ಲಿ ಅಷ್ಟ ನನ್ನ ಹತ್ರ ಕೊಡ್ರಿ."

ಅಂದಿನಿಂದ ತಿಂಗಳಿಗೊಂದು ಭಾನುವಾರ ನಾನು ಕಾರನ್ನು ಭಾಲ್ಕಿಗೆ ಒಯ್ಯುತ್ತೇನೆ, ಸುಜಾತಾ ಔರಾದಿನಿಂದ ಸ್ಕೂಟಿಯಲ್ಲಿ ಬರುತ್ತಾಳೆ. ಬಾನೆಟ್ಟು, ನೆತ್ತಿ, ಬಲಬದಿ ಅವಳದು. ಅವಳು ಮುಗಿಸಿದ ಕಡೆ ಮಾಸ್ತರರು ಅಂಗೈ ಇಟ್ಟು ನೋಡಿ, ಹೂಂ ಎಂದು ಮುಂದೆ ಹೋಗುತ್ತಾರೆ. ನನಗೆ ಮೊದಲ ನಾಲ್ಕು ತಿಂಗಳು ಚಕ್ರಗಳನ್ನು ಮಾತ್ರ ಕೊಟ್ಟಿದ್ದರು, ಅದೂ ಬಿದ್ದ ಬಟ್ಟೆಯಿಂದ. ಐದನೆಯ ತಿಂಗಳು ಎಡಗಡೆಯ ಹಿಂಬಾಗಿಲಿಗೆ ಬಡ್ತಿ ಸಿಕ್ಕಿತು. ಉಜ್ಜಿದೆ, ಅಪ್ಪ ಮಗಳು ಇಬ್ಬರೂ ಬಂದು ಸವರಿದರು, ಇಬ್ಬರೂ ಮತ್ತೆ ಉಜ್ಜಿದರು. ಆರನೆಯ ತಿಂಗಳೂ ಅದೇ. ಕಳೆದ ಭಾನುವಾರ ಮಾಸ್ತರರು ಚೀಲದೊಳಗೆ ಕೈ ಹಾಕಿ ಆ ಬಾಗಿಲನ್ನು ಎರಡು ಸಲ ನಿಧಾನವಾಗಿ ಸವರಿ, ಬಟ್ಟೆ ಕೇಳದೆ, ಚಹಾ ಕುಡಿಯಲು ಒಳಗೆ ಹೋದರು. ನಿವೃತ್ತಿಯ ದಿನ ಹೊದಿಸಿದ ಶಾಲಿಗೂ ನಾನು ಅಷ್ಟು ಹಿಗ್ಗಿರಲಿಲ್ಲ.

ಇಂದು ಬೆಳಗ್ಗೆ ಹಾಲು ತರಲು ಹೊರಬಂದಾಗ ನೋಡುತ್ತೇನೆ, ರಾತ್ರಿಯ ಗಾಳಿಗೆ ಕಾರಿನ ಮೇಲೆ ಮತ್ತೆ ಕೆಂಪು ಧೂಳು. ಈ ಸಲ ನಮ್ಮ ಅನಾಮಿಕ ವಿಮರ್ಶಕ ಹಿಂಗಾಜನ್ನು ಬಿಟ್ಟು ನನ್ನ ಆ ಎಡ ಹಿಂಬಾಗಿಲನ್ನೇ ಆರಿಸಿಕೊಂಡಿದ್ದ. ಅದೇ ದುಂಡನೆಯ ಅಕ್ಷರ, ಅದೇ "ತೊಳೀರಿ ಸರ". ಕೈ ಅಭ್ಯಾಸದಂತೆ ಹೆಗಲ ಮೇಲಿನ ಟವಲಿಗೆ ಹೋಯಿತು. ಅದನ್ನು ಅಲ್ಲೇ ಬಿಟ್ಟು, ಒಳಗೆ ಹೋಗಿ ಉಂಗುರ ತೆಗೆದು ಹೂದಾನಿಯ ಪಕ್ಕದಲ್ಲಿಟ್ಟು, ಎರಡು ಬಕೆಟ್ಟು ನೀರು ತುಂಬಿಸಿಕೊಂಡು ಬಂದೆ.